ಹಳದಿಯಾಚೆ ಬಿದ್ದ ಚುಕ್ಕೆ

ಟಿಣ್ — ಮೊಳೆ ಮುಚ್ಚಳಕ್ಕೆ ತಾಗಿದ ಸದ್ದು, ಅಷ್ಟೇ, ಇಲಿ ಇರಬಹುದು, ಇಲಿಗೆ ಅಷ್ಟು ಮೆಲ್ಲಗೆ ಮೊಳೆ ಎತ್ತಿಡುವ ತಾಳ್ಮೆ ಎಲ್ಲಿಂದ ಬರಬೇಕು, ಮತ್ತೆ ಟಿಣ್, ಇದು ನನ್ನ ಸದ್ದು, ಹಗಲೆಲ್ಲ ನಾನು ಮಾಡುವ ಸದ್ದು, ದೊಡ್ಡ ಮೊಳೆಯ ತಲೆಯನ್ನು ಹಳದಿಯಲ್ಲಿ ಅದ್ದಿ, ಗಾಳಕ್ಕೆ ಕಟ್ಟುವ ಮರದ ಮೀನಿಗೆ ಒತ್ತಿದರೆ ಕಣ್ಣು, ಒಣಗಿದ ಮೇಲೆ ಸಣ್ಣ ಮೊಳೆಯಿಂದ ನಡುವೆ ಕಪ್ಪು ಒತ್ತಿದರೆ ನೋಟ, ಮೊಳೆಯನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟರೆ ಟಿಣ್ — ನಾನು ಇಲ್ಲಿ ಹಾಸಿಗೆಯಲ್ಲಿದ್ದೇನೆ, ಹಾಗಾದರೆ ಅಲ್ಲಿ ಯಾರು. ಪಕ್ಕಕ್ಕೆ ಕೈ ಚಾಚಿದೆ, ಇವರ ದಿಂಬು ತಣ್ಣಗಿದೆ. ಇವರೇ ಇರಬೇಕು, ಆದರೆ ಇವರಿಗೆ ನನ್ನ ಮೊಳೆಗಳ ಹತ್ತಿರ ಏನು ಕೆಲಸ, ಮರ ಕೆತ್ತುವುದು ಇವರದು, ಹೊಟ್ಟೆಗೆ ಸೀಸ ತುಂಬಿ ಕೊಕ್ಕೆ ಸಿಕ್ಕಿಸುವುದು ಇವರದು, ಕಣ್ಣು ಮಾತ್ರ ನನ್ನದು, ಮದುವೆಯಾದಾಗಿನಿಂದ ಹಾಗೇ, ಲೇ, ನಾನು ಕಣ್ಣಿಟ್ರೆ ಮೀನು ಕುಡಿದು ಬಂದ ಹಾಗೆ ಕಾಣತ್ತೆ, ನೀನೇ ಇಡು, ಅಂದಿದ್ದರು ಆಗ. ಆಮೇಲೆ ಈಚೆಗೊಂದು ದಿನ ನಮ್ಮ ಮೀನು ಕೊಳ್ಳುವ ಅಂಗಡಿಯವನು, ಒಂದನ್ನು ಬೆಳಕಿಗೆ ಹಿಡಿದು, ಇದೇನಕ್ಕಾ, ಒಂದು ಕಣ್ಣು ಆಕಾಶ ನೋಡ್ತಿದೆ, ಇನ್ನೊಂದು ಪಾತಾಳ, ಕೆರೆ ಮೀನು ಇದನ್ನ ನೋಡಿ ನಗತ್ತೆ ಹೊರತು ಕಚ್ಚಲ್ಲ, ನಾನೂ ನಕ್ಕೆ, ಕೈ ಜಾರಿತು ಅಂದೆ, ಕೈ ಜಾರಿರಲಿಲ್ಲ — ಎಲ್ಲಿ ದಿಟ್ಟಿಸುತ್ತೇನೋ ಅಲ್ಲೇ ಒಂದು ಬೂದು ಕಲೆ, ಸುತ್ತಲಿನದೆಲ್ಲ ಕಾಣುತ್ತದೆ, ನೋಡಬೇಕಾದದ್ದೊಂದು ಬಿಟ್ಟು, ಬಾಗಿಲ ಚೌಕಟ್ಟು ನಡುವೆ ಸೊಟ್ಟ, ಪುಸ್ತಕದ ಸಾಲಿನಿಂದ ಒಂದು ಪದ ಎದ್ದು ಹೋಗಿರುತ್ತದೆ, ಅಮ್ಮನಿಗೂ ಹೀಗೇ ಶುರುವಾದದ್ದು, ಮೊದಲು ಸೂಜಿಗೆ ದಾರ ಪೋಣಿಸಲು ಕರೆದಳು, ಆಮೇಲೆ ಮನೆಯವರೆಲ್ಲ ಸೇರಿ ಅಕ್ಕರೆಯಿಂದಲೇ ಸೂಜಿ ತೆಗೆದಿಟ್ಟರು, ಆಮೇಲೆ ಚಾಕು, ಆಮೇಲೆ ಒಲೆ, ನೀನು ಸುಮ್ನೆ ಕೂತ್ಕೋ ಅಮ್ಮ, ಕೊನೆಗೊಂದು ದಿನ ಗೋಡೆ ಸವರಿಕೊಂಡು ಬಂದು ನನ್ನ ಮುಖ ಮುಟ್ಟಿ, ಯಾರು, ಅಂದಳು.

ಎದ್ದೆ, ನಾನೂ ಗೋಡೆ ಸವರಿಕೊಂಡೇ ಹೋಗುತ್ತಿದ್ದೇನೆ, ಕತ್ತಲಲ್ಲಿ ಎಲ್ಲರೂ ಸವರುತ್ತಾರೆ, ಅದಕ್ಕೇನೂ ಅರ್ಥವಿಲ್ಲ. ಬಾಗಿಲ ಸಂದಿಯಿಂದ ಓರೆಯಾಗಿ ನೋಡಿದೆ, ಈಗೀಗ ಓರೆಯಾಗಿ ನೋಡಿದರೇ ತುಸು ಕಾಣುವುದು — ದೀಪದಡಿ ಇವರ ಬೆನ್ನು, ದಾರಕ್ಕೆ ತೂಗುಹಾಕಿದ ಮೀನುಗಳನ್ನು ಒಂದೊಂದೇ ಇಳಿಸುತ್ತಾರೆ, ಸಂಜೆ ನಾನು ಒತ್ತಿದ ಕಪ್ಪನ್ನು ಟರ್ಪೆಂಟೈನ್ ಬಟ್ಟೆಯ ತುದಿಯಿಂದ ಒರೆಸುತ್ತಾರೆ, ಉಸಿರು ಬಿಗಿಹಿಡಿದು ಹೊಸ ಕಪ್ಪು ಒತ್ತುತ್ತಾರೆ, ಟಿಣ್, ಪಳಗಿದ ಕೈ, ಎಷ್ಟು ರಾತ್ರಿಗಳಿಂದ ಪಳಗಿದೆಯೋ, ಆವತ್ತಿನಿಂದ ಅಂಗಡಿಯವನು ಒಮ್ಮೆಯೂ ದೂರಿಲ್ಲ, ನಾನು, ದಡ್ಡಿ, ವಾಸಿಯಾಗುತ್ತಿದೆ ಅಂದುಕೊಂಡಿದ್ದೆ. ಕೊನೆಯದನ್ನು ಎತ್ತಿ ದೀಪದ ಹತ್ತಿರ ಹಿಡಿದರು, ಬಹಳ ಹೊತ್ತು ಹಿಡಿದರು, ನನಗೂ ಕಾಣುವಷ್ಟು ದೊಡ್ಡ ತಪ್ಪು — ಹಳದಿ ಖಾಲಿ, ಕಪ್ಪು ಚುಕ್ಕೆ ಅದರಾಚೆ ಕೆನ್ನೆಯ ಮೇಲೆ, ಸಂಜೆ ಸರಿಯಾಗಿ ನಡುವೆ ಬಿತ್ತು ಅಂದುಕೊಂಡದ್ದು ಅದನ್ನೇ. ಒರೆಸಲಿಲ್ಲ. ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ಯಾಕೆ, ಯಾರಿಗೆ ತೋರಿಸಲು, ಡಾಕ್ಟರಿಗೋ, ಮಗಳಿಗೋ, ನೋಡಮ್ಮ ನಿಮ್ಮಮ್ಮನ ಕೆಲಸ ಎಲ್ಲಿಗೆ ಬಂತು, ಮಗಳು ಬಂದರೆ ಮೊದಲು ಹುಡುಕಿ ತೆಗೆದಿಡುವುದು ನನ್ನ ಮೊಳೆಗಳನ್ನು, ನೀನು ಸುಮ್ನೆ ಕೂತ್ಕೋ ಅಮ್ಮ — ಓಡಿ ಬಂದು ಮಲಗಿದೆ, ಹೊದಿಕೆ ಮೂಗಿನವರೆಗೆ, ಟರ್ಪೆಂಟೈನ್ ವಾಸನೆ ಪಕ್ಕಕ್ಕೆ ಬಂದು ಮಲಗಿತು. ಎದ್ದಿದ್ದೀಯಾ. ಇಲ್ಲ. ಮತ್ತೆ ಇಲ್ಲ ಅಂದೋರು ಯಾರು. ನಿಮಗೇನಾಗಿತ್ತು. ಸೆಖೆ ಕಣೇ, ಸ್ವಲ್ಪ ಹೊತ್ತು ಹೊರಗೆ ಕೂತಿದ್ದೆ. ರೀ, ನಾನು ನೋಡಿದೆ, ಇಷ್ಟೇ ಅನ್ನಬೇಕು, ನಾಲಿಗೆಯ ತುದಿಯಲ್ಲಿದೆ, ಅಂದುಬಿಟ್ಟರೆ ಇವರೂ ಬಾಯಿ ಬಿಡಬೇಕಾಗುತ್ತದೆ, ಬಿಟ್ಟ ಮೇಲೆ ನಾಳೆ ಬೆಳಿಗ್ಗೆ ಮೊಳೆ ನನ್ನ ಕೈಗೆ ಕೊಡುವುದು ಹೇಗೆ, ಇವರು ಕೊಡುವುದು ಹೇಗೆ, ನಾನು ತೆಗೆದುಕೊಳ್ಳುವುದು ಹೇಗೆ. ಹೇಳುವುದಿಲ್ಲ, ಇವರಿಗೂ ಇಲ್ಲ, ಮಗಳಿಗೂ ಇಲ್ಲ, ಯಾರಿಗೂ ಇಲ್ಲ, ನಾನು ಒತ್ತುತ್ತೇನೆ, ಇವರು ಒರೆಸಲಿ, ಎಷ್ಟು ದಿನ ನಡೆಯುತ್ತದೋ ಅಷ್ಟು ದಿನ — ಇವರು ಕಳಚಿ ಹಾಕಿದ ಅಂಗಿ ಅಲ್ಲಿ ಬಾಗಿಲ ಹಿಂದೆ ನೇತಾಡುತ್ತಿದೆ, ಕತ್ತಲಲ್ಲಿ ಕಾಣದಿದ್ದರೂ ಗೊತ್ತು, ಜೇಬು ಉಬ್ಬಿದೆ, ಕಣ್ಣು ಮುಚ್ಚಿದೆ, ಮುಚ್ಚಿದರೂ ಅದೇ, ಖಾಲಿ ಹಳದಿ, ಅದರಾಚೆ, ಕೆನ್ನೆಯ ಮೇಲೆ, ಆ ಚುಕ್ಕೆ