ತೆಂಕಲ ಗೋಡೆಯ ಕಿಟಕಿ

ಮಧುವನಹಳ್ಳಿ ದಾಟಿ ಹನೂರಿನ ಕಡೆ ಹೋದರೆ ಒಂದು ಊರಿನ ಗೇಟು ಸಿಗುತ್ತದೆ. ಬಸ್ಸಿಗೆ ಕಾಯುವವರು ಅಲ್ಲಿ ಬೇವಿನ ಮರದಡಿ ನಿಲ್ಲುತ್ತಿದ್ದರು. ರಸ್ತೆ ಅಗಲ ಮಾಡುವಾಗ ಮರ ಹೋಯಿತು. ಆಗ ಪುಟ್ಟಸಿದ್ದಯ್ಯ ಪಂಚಾಯ್ತಿಯ ಒಪ್ಪಿಗೆ ಪಡೆದು, ತೀರಿಹೋದ ತನ್ನ ತಂದೆ ಕೆಂಪನಂಜಪ್ಪನ ಹೆಸರಲ್ಲಿ ತಂಗುದಾಣ ಕಟ್ಟಿಸಿದ.

ಒಳ್ಳೆಯ ಮನಸ್ಸು, ಎರಡು ಮಾತಿಲ್ಲ. ಆದರೆ ಕಟ್ಟಿಸಿದ್ದು ಮನೆ ಕಟ್ಟಿಸಿದ ಹಾಗೆ. ಮೂಡಲಿಗೆ, ರಸ್ತೆ ಕಡೆಗೆ ಬಾಗಿಲು. ಮಿಕ್ಕ ಮೂರು ಕಡೆ ಗೋಡೆ. ಎತ್ತರದ ಜಗುಲಿ, ಕಡಿದಾದ ಮೆಟ್ಟಿಲು. ತೆಂಕಲಿಗೊಂದು ಕಿಟಕಿ ಬಿಡಲೇ ಎಂದು ಗಾರೆಯವನು ಕೇಳಿದ್ದಕ್ಕೆ, "ತೆಂಕ್ಲು ಯಮನ ದಿಕ್ಕು ಕಣ್ಲಾ, ಮುಚ್ಚು!" ಎಂದು ಗದರಿಸಿದ. ಆ ಗೋಡೆಗೇ ತಂದೆಯ ಹೆಸರಿನ ಕರಿಕಲ್ಲು ಕೂರಿಸಿದ.

ಕೊಳ್ಳೇಗಾಲಕ್ಕೆ ಹೋಗುವ ಬಸ್ಸು ಬರುವುದೂ ತೆಂಕಲಿಂದಲೇ. ಒಳಗೆ ಕೂತವರಿಗೆ ಬಸ್ಸು ಕಾಣದು, ಡ್ರೈವರಿಗೆ ಕೂತವರು ಕಾಣರು. ಜನ ಬಿಸಿಲಲ್ಲಿ ರಸ್ತೆಯಲ್ಲೇ ನಿಂತರು, ನೆರಳಲ್ಲಿ ಆಡುಗಳು ಮಲಗಿದವು.

ಪುಟ್ಟಸಿದ್ದಯ್ಯನ ಹೆಂಡತಿ ರಾಚಮ್ಮನಿಗೆ ಸಕ್ಕರೆ ಕಾಯಿಲೆ. ಅಂಗಾಲಲ್ಲಿ ಗಾಯವಾಗಿತ್ತು. ಡ್ರೆಸ್ಸಿಂಗ್ ತಪ್ಪಿಸಿದರೆ ಕಾಲು ಉಳಿಯುವುದು ಕಷ್ಟ ಎಂದು ಕೊಳ್ಳೇಗಾಲದ ಡಾಕ್ಟರು ಹೇಳಿದ್ದರು. ಆ ಕಾಲಲ್ಲಿ ನಿಲ್ಲಲಾಗದು. ಒಳಗೆ ಕೂತರೆ ಬಸ್ಸು ತಪ್ಪುತ್ತಿತ್ತು. ಹಾಗೆ ಮತ್ತೊಮ್ಮೆ ಬಸ್ಸು ತಪ್ಪಿ ಮನೆಗೆ ಬಂದಾಗ, ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಕವಿತ ಪಟ್ಟಿ ಬಿಚ್ಚಿ ನೋಡಿ ಗಾಬರಿಯಾದಳು.

"ಮಾವ, ಕೀವು ಕಟ್ಕಂಡದೆ. ಈಗ್ಲೇ ಆಟೋದಲ್ಲಿ ಕರ್ಕಂಡು ಓಯ್ತೀನಿ. ಆಟೋ ಏನು ದಿನಾ ಸಿಕ್ತದಾ? ಮೊದ್ಲು ಆ ಗೋಡೆ ಒಡ್ಸಿ."

"ನಮ್ಮಪ್ಪನ ಎಸ್ರಿರೋ ಗೋಡೆಯಾ? ಎದ್ದು ಬಂದು ಕೈ ತೋರ್ಸುದ್ರೆ ಬಸ್ಸು ನಿಲ್ಲಲ್ವಾ? ಇವ್ಳಿಗೆ ಸೋಂಬೇರಿತನ ಕಣಮ್ಮಿ."

"ಅಂಗಾರೆ ಮುಂದಿನ್ ಸಲ ನೀವೇ ಬಂದು ನಿಲ್ಸಿ," ಅಂದಳು ರಾಚಮ್ಮ.

ಮುಂದಿನ ಸಲ ಅವನೇ ಬಂದ. ಜತೆಗೆ ಕವಿತಳೂ ಬಂದಳು. "ನಾನು ಕೂತಿದ್ರೆ ಡ್ರೈವರ್ರೇ ನಿಲ್ಸ್ತಾನೆ" ಎಂದು ಹೆಗಲ ಮೇಲೆ ಟವಲು ಹಾಕಿ ಒಳಗೆ ಕೂತ. ರಸ್ತೆಯಲ್ಲಿ ಅವತ್ತು ಬೇರೆ ಯಾರೂ ನಿಂತಿರಲಿಲ್ಲ. ಹಾರನ್ ಕೇಳಿಸಿತು. ಅವನೊಂದು ಕಡೆ, ಕವಿತ ಒಂದು ಕಡೆ ರಾಚಮ್ಮನ ಕೈ ಹಿಡಿದು ಎಬ್ಬಿಸಿದರು. ಮೆಟ್ಟಿಲು ಇಳಿಯುವಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು. ಟವಲು ಬೀಸುತ್ತಾ ಕೂಗಿಕೊಂಡು ಓಡಿದ. ಬಸ್ಸು ನಿಲ್ಲಲಿಲ್ಲ.

ರಾಚಮ್ಮ ಮೆಟ್ಟಿಲ ಮೇಲೇ ಕೂತು ಅತ್ತಳು. "ನನ್ ಕಾಲು ಓದ್ರೆ ಓಗ್ಲಿ ಬುಡಿ. ನಿಮ್ಮಪ್ಪನ ಗೋಡೆ ಗಟ್ಟಿಯಾಗಿರ್ಲಿ."

ಪುಟ್ಟಸಿದ್ದಯ್ಯ ಟವಲು ಕೈಯಲ್ಲಿ ಹಿಡಿದು ವಾಪಸು ಬಂದ. ಆಟೋಗೆ ಫೋನು ಮಾಡುತ್ತಲೇ ಕವಿತ ಹೇಳಿದಳು: "ಯಮ ಬರಕ್ಕೆ ಕಿಟಕಿ ಯಾಕ್ ಬೇಕು ಮಾವ? ಆ ಗಾಯ ಸಾಕು."

ಅವನು ಕರಿಕಲ್ಲನ್ನು ನೋಡುತ್ತಾ ನಿಂತ. "ನಮ್ಮಪ್ಪ ಇದ್ದಿದ್ರೆ ರಸ್ತೆಗೆ ಅಡ್ಡ ನಿಂತು ಬಸ್ಸು ನಿಲ್ಸಿ ಇವ್ಳನ್ನ ಅತ್ತಿಸೋನು," ಅಂದ. ಆಮೇಲೆ, "ಗಾರೆಯೋನ್ನ ಕರಿಯಮ್ಮಿ."

ಈಗ ತೆಂಕಲ ಗೋಡೆಯಲ್ಲಿ, ಕೂತವರ ಕಣ್ಣಿನ ಮಟ್ಟಕ್ಕೆ, ಅಗಲವಾದ ಕಿಟಕಿ ಇದೆ. ಮೆಟ್ಟಿಲ ಪಕ್ಕ ಕಂಬಿ ಹಾಕಿದ ಇಳಿಜಾರು ಇದೆ. ಕರಿಕಲ್ಲು ಬಾಗಿಲ ಮೇಲಕ್ಕೆ ಹೋಗಿದೆ. ರಾಚಮ್ಮನ ಗಾಯ ಮಾಯುತ್ತಿದೆ. ಗೋಡೆ ಮೇಲಿದ್ದಾಗ ಯಾರೂ ಓದದ ಹೆಸರನ್ನು ಈಗ ಕಂಡಕ್ಟರ್ ದಿನವೂ ಕೂಗುತ್ತಾನೆ: "ಕೆಂಪನಂಜಪ್ಪನ ಸ್ಟಾಪು, ಯಾರ್ರೀ ಇಳಿಯೋರು?"

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮೂರಲ್ಲೂ ತಂಗುದಾಣ ಇದ್ದೀತು, ಇಲ್ಲವೇ ನಾಳೆ ಕಟ್ಟಿಯಾರು. ಒಮ್ಮೆ ಒಳಗೆ ಹೋಗಿ ಕೂತು ನೋಡಿ. ಬರುವ ಬಸ್ಸು ಕಾಣುತ್ತದೆಯೇ? ಡ್ರೈವರಿಗೆ ನೀವು ಕಾಣುತ್ತೀರಾ? ಕಾಲು ನೋವಿನವರು ಹತ್ತಿ ಇಳಿಯಬಹುದೇ? ಇಲ್ಲವಾದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಒಂದು ಕಾಲು ಹೋಗುವ ಮುಂಚೆಯೇ ಕೇಳಿ.