ಹೆಡ್ಡು ಮುಚ್ಚುವ ಮೊದಲು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಲಾರಿ ಪೀಣ್ಯದ ಕಾರ್ಖಾನೆಯ ಗೇಟಿನ ಮುಂದೆ ನಿಂತಿರಬೇಕು. ನಿಲ್ಲದಿದ್ದರೆ ಲೋಡು ಇನ್ನೊಬ್ಬ ಮಾಲೀಕ ವೆಂಕಟರಮಣಪ್ಪನ ಲಾರಿಗೆ. ಒಂದು ದಿನದ ಮಟ್ಟಿಗಲ್ಲ, ಕಾಯಂ ಆಗಿ. ಹಾಗೆಂದು ಆ ಕಾರ್ಖಾನೆಯ ಸ್ಟೋರ್ಸ್ ಸಾಹೇಬರು ರಾಮಾಂಜಿನಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದರು. ಸಾಹೇಬರು ಮೂಗಿನಿಂದ ಮಾತಾಡುವವರು. ಬಾಯಿಯನ್ನು ಸಿಗರೇಟಿಗೆಂದು ಮೀಸಲಿಟ್ಟಿದ್ದರು.

"ನೋಡು ರಾಮಾಂಜಿನಪ್ಪಾ, ಐ ಆಮ್ ಹೆಲ್ಪ್‌ಲೆಸ್. ನಿನ್ನ ಲಾರಿ ಒಂದೋ ಮ್ಯೂಸಿಯಮ್ಮಿಗೆ ಹೋಗ್ಬೇಕು, ಇಲ್ಲಾ ಇಲ್ಲಿಗೆ ಬರ್ಬೇಕು. ಮಧ್ಯದಲ್ಲಿ ನಿಲ್ಲೋ ಹಾಗಿಲ್ಲ."

ಲಾರಿ ಸರಿಯಾಗಿ ಮಧ್ಯದಲ್ಲೇ ನಿಂತಿತ್ತು. ಮಹದೇವಪುರದಲ್ಲಿ ಮೆಕ್ಯಾನಿಕ್ ಚಿನ್ನಪ್ಪನ ಶೆಡ್ಡಿನ ಪಕ್ಕದ ಹೊಂಗೆಮರದ ಕೆಳಗೆ, ಬಾನೆಟ್ಟು ಬಿಚ್ಚಿ, ಎಂಜಿನ್ ಇಳಿಸಿ, ಹಲ್ಲು ಕೀಳಿಸಿಕೊಂಡು ಬಾಯಿ ಮುಚ್ಚುವುದನ್ನು ಮರೆತ ಮುದುಕನ ಹಾಗೆ.

ಸೈನ್ಯದವರು ಹರಾಜು ಹಾಕಿದ್ದ ಹಳೇ ಲಾರಿ ಅದು. ದೊಡ್ಡನೆಕ್ಕುಂದಿಯಲ್ಲಿ ಎಲ್ಲರೂ ಅದನ್ನು 'ಮಿಲ್ಟ್ರಿ' ಎಂದೇ ಕರೆಯುತ್ತಿದ್ದರು. ರಾಮಾಂಜಿನಪ್ಪನ ಹೊಲ ಕೈಗಾರಿಕಾ ಪ್ರದೇಶದ ಪಾಲಾದಾಗ, ಪರಿಹಾರ ಕೈಗೆ ಬಂದ ವಾರವೇ ಅವನು ಅದನ್ನು ಕೊಂಡಿದ್ದ. ಊರಿನಲ್ಲಿ ನಾಟಿ ಹೋಗಿ ನಟ್ಟು ಬಂದ ಕಾಲ. ಹೊಲವಿದ್ದ ಜಾಗದಲ್ಲಿ ಕಾಂಪೌಂಡ್ ಗೋಡೆ ಎದ್ದ ಮೇಲೆ ಅವನಿಗೆ ಉಳಲು ಉಳಿದದ್ದು ರಸ್ತೆ ಮಾತ್ರ, ಹೂಡಲು ಉಳಿದದ್ದು ಈ ಮಿಲ್ಟ್ರಿ ಮಾತ್ರ. ಅದರ ಎಂಜಿನ್ನಿನ ಬ್ಲಾಕು ಬಿರುಕು ಬಿಟ್ಟ ದಿನ ಅವನು ರಸ್ತೆಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಎತ್ತು ಸತ್ತವನ ಹಾಗೆ, ಸುಮ್ಮನೆ ಅದರ ಟೈರನ್ನು ಸವರುತ್ತಿದ್ದ.

ಅಂಥ ಎಂಜಿನ್ ಮತ್ತೆಲ್ಲಿ ಸಿಗಬೇಕು? ಬೆಂಗಳೂರಿನ ಗುಜರಿಗಳನ್ನೆಲ್ಲ ತಡಕಿ, ಮೊಣಕೈವರೆಗೆ ಗ್ರೀಸು ಬಳಿದುಕೊಂಡು, ಕೊನೆಗೆ ಶಿವಾಜಿನಗರದ ಒಂದು ಗುಜರಿಯಲ್ಲಿ, ಹಳೇ ಬಾತ್‌ಟಬ್ಬಿನ ಕೆಳಗೆ ಅದು ಸಿಕ್ಕಿತು. ಗುಜರಿಯ ಭಾಯಿ ಅದರ ತಲೆ ನೇವರಿಸಿದರು.

"ಅರೇ ರಾಮಣ್ಣಾ, ಇದ್ಕೆ ಇಂಜನ್ ಅಂತ ಹೇಳ್ಬೇಡಿ. ಶೇರ್ ಹೈ, ಶೇರ್! ನಿಮ್ದು ಸತ್ತೋಗಿದೆಯಲ್ಲ, ಅದ್ರದ್ದು ಸಗಾ ತಮ್ಮ. ಸೇಮ್ ಅಮ್ಮ, ಸೇಮ್ ಅಪ್ಪ."

"ಸ್ಟಾರ್ಟ್ ಆಗ್ತದಾ ಭಾಯ್?"

"ಶೇರ್‌ಗೆ ಮಲಗ್ಸಿರೋದು ನಮ್ದು ಕೆಲ್ಸ. ಎಬ್ಸೋದು ನಿಮ್ದು."

ಎಬ್ಬಿಸುವ ಕೆಲಸ ಚಿನ್ನಪ್ಪನ ಕೊರಳಿಗೆ ಬಿತ್ತು. ಕೋಲಾರದ ಗಣಿಯ ಕಡೆಯಿಂದ ಬಂದ ಮನುಷ್ಯ. ಕನ್ನಡವನ್ನು ತಮಿಳಿನ ಗೇರಿನಲ್ಲಿ ಓಡಿಸುತ್ತಿದ್ದ. ಸಿಲಿಂಡರಿಗೆ ಬೋರು ಹಾಕಿಸಿದ, ಪಿಸ್ಟನ್ ಬದಲಿಸಿದ, ಬೇರಿಂಗುಗಳನ್ನು ಮಗುವಿಗೆ ಬಳೆ ತೊಡಿಸುವ ಹಾಗೆ ತೊಡಿಸಿದ. ಎಂಜಿನ್ ತೆರೆದಿರುವಷ್ಟು ದಿನ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಬೀಡಿ ಕೂಡದು, ತಲೆ ಬಾಚಿಕೊಳ್ಳುವುದು ಕೂಡದು.

"ಇದು ಆಪರೇಷನ್ ತಿಯೇಟರ್ ಪಾ," ಎನ್ನುತ್ತಿದ್ದ. "ಹೊಟ್ಟೆ ಓಪನ್ ಇರೋವಾಗ ನೆಂಟ್ರು ಬರ್ಬಾರ್ದು."

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಲಾರಿಯ ಎದೆಯೊಳಗೆ ಕೂತಿತ್ತು. ಉಳಿದದ್ದು ಅದರ ಮೇಲ್ಮುಚ್ಚಳ, ಹೆಡ್ಡು, ಮುಚ್ಚುವುದೊಂದೇ. ಆಗ ಬಂದಳು ರಾಮಾಂಜಿನಪ್ಪನ ತಾಯಿ ಭದ್ರಮ್ಮ, ಕೈಯಲ್ಲಿ ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಬಿಡಿಸಿದ ಸೇವಂತಿಗೆ ಎಸಳು, ಒಂದು ಹಿಡಿ ಅಕ್ಷತೆ.

"ಅಮ್ಮಾ, ಮುಚ್ಚಿದ ಮೇಲೆ ಮಾಡ್ಕೋಳಿ," ಎಂದ ಚಿನ್ನಪ್ಪ. "ತೇಂಗಾಯಿ ಒಡೀರಿ, ಕುಂಬಳಕಾಯಿ ಒಡೀರಿ. ನನ್ ತಲೆ ಬೇಕಾದ್ರೂ ಒಡೀರಿ. ಈಗ ಬೇಡ."

"ಮುಚ್ಚಿದ್ ಮ್ಯಾಕೆ ಯಾರ್ಗಪ್ಪಾ ಪೂಜೆ, ತಗಡ್ಗಾ? ಬಾವಿ ತೋಡಿದ್ರೆ ಅರಿಶ್ಣ ನೀರ್ಗಾಕ್ತೀವಾ, ಕಟ್ಟೆಗಾಕ್ತೀವಾ? ಮನೆ ಕಟ್ಟಿದ್ರೆ ನವಧಾನ್ಯ ಪಾಯ್ದೊಳೀಕೆ ಆಕ್ತೀವಿ, ತಾರ್ಸಿ ಮ್ಯಾಲಲ್ಲ. ತೆರೆದ ಒಟ್ಟೇನ ಅಂಗೇ ಬರೀದು ಮುಚ್ಬಾರ್ದು ಕಣಪ್ಪ."

"ಈ ಹೊಟ್ಟೆಗೆ ಡೀಸೆಲ್ ಸಾಕಮ್ಮಾ," ಎಂದು ಚಿನ್ನಪ್ಪ ಬ್ಲಾಕಿನ ಮೇಲೆ ಬಟ್ಟೆ ಹೊದೆಸಿ, ಊಟಕ್ಕೆಂದು ಮನೆಗೆ ಹೋದ.

ಭದ್ರಮ್ಮ ಹೋಗಲಿಲ್ಲ. ತಟ್ಟೆ ಹಿಡಿದು ಮಗನನ್ನೇ ನೋಡುತ್ತ ನಿಂತಳು. ಬಿರುಕು ಬಿಟ್ಟ ಹಳೇ ಎಂಜಿನ್ನಿಗೆ ಒಳಗಿನ ಪೂಜೆ ಆಗಿರಲಿಲ್ಲ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ರಾಮಾಂಜಿನಪ್ಪ ವಾದಿಸಬಹುದಿತ್ತು. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ, ಹೊಲವೂ ಇಲ್ಲ, ಲಾರಿಯೂ ಇಲ್ಲ, ಅವ್ವನ ಮಾತನ್ನೂ ನಡೆಸಲಿಲ್ಲ ಎಂದಾಗುತ್ತದೆ. ಅವನು ಬಟ್ಟೆ ಸರಿಸಿದ.

"ಒಂದ್ ಕಾಳು ಅವ್ವ. ಒಂದೇ."

ಭದ್ರಮ್ಮ ಜೀವಮಾನದಲ್ಲಿ ಯಾರಿಗೂ ಒಂದೇ ಒಂದು ಕಾಳು ಕೊಟ್ಟು ಕೈ ನಿಲ್ಲಿಸಿದವಳಲ್ಲ. "ಬಸವಣ್ಣನಂಗೆ ದುಡಿಯಪ್ಪಾ ನನ್ನಪ್ಪ," ಎಂದು ಎರಡೂ ಕೈಯಿಂದ, ಮದುಮಗನ ತಲೆಗೆ ಹಾಕುವ ಹಾಗೆ, ಎಸಳೂ ಅಕ್ಕಿಯೂ ಸೇರಿಸಿ ಸುರಿದಳು.

ಅವ್ವ ಬೆನ್ನು ತಿರುಗಿಸಿದ್ದೇ ತಡ, ರಾಮಾಂಜಿನಪ್ಪ ಬಗ್ಗಿ, ಪಿಸ್ಟನ್ನುಗಳ ನೆತ್ತಿಯ ಮೇಲೆ ಕಂಡ ಕಾಳು, ಎಸಳುಗಳನ್ನೆಲ್ಲ ಒದ್ದೆ ಬೆರಳಿನಿಂದ ಅಂಟಿಸಿ ಅಂಟಿಸಿ ತೆಗೆದ. ಬ್ಲಾಕಿನ ಪಕ್ಕದಲ್ಲಿ ಕೆಳಗಿನ ಎಣ್ಣೆತೊಟ್ಟಿಗೆ ಇಳಿಯುವ ತೂತುಗಳಿದ್ದವು. ಅವುಗಳೊಳಗೆ ಬಗ್ಗಿ ನೋಡಿದ. ಕತ್ತಲು. ಕಾಣದ್ದು ಇಲ್ಲ ಎಂದುಕೊಂಡ. ಬಟ್ಟೆ ಮತ್ತೆ ಹೊದೆಸಿದ. ಚಿನ್ನಪ್ಪ ಬಂದು ಹೆಡ್ಡು ಮುಚ್ಚಿ, ಬೋಲ್ಟು ಬಿಗಿದ.

ಸಂಜೆ ಮಿಲ್ಟ್ರಿ ಎದ್ದಿತು. ಮೊದಲು ಮುದುಕನಂತೆ ಕೆಮ್ಮಿ, ಆಮೇಲೆ ಗೌಡರಂತೆ ಕ್ಯಾಕರಿಸಿ, ಕೊನೆಗೆ ಭಾಯಿ ಹೇಳಿದ ಹುಲಿಯ ಹಾಗೆಯೇ ಗುರ್ರೆಂದಿತು. ಚಿನ್ನಪ್ಪ ಸ್ಪ್ಯಾನರನ್ನು ಎಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಸಂಗೀತ ಕೇಳಿದವನಂತೆ ತಲೆದೂಗಿದ.

ಸೋಮವಾರ ಬೆಳಿಗ್ಗೆ ಹೊರಟರು. ಮೊದಲ ಓಟಕ್ಕೆ ಮನೆಯ ಹಿರಿಯರು ಮುಂದಿನ ಸೀಟಿನಲ್ಲಿ ಕೂರಬೇಕೆಂದು ಭದ್ರಮ್ಮ ಹೊಸ ಸೀರೆಯುಟ್ಟು ಕಿಟಕಿ ಹಿಡಿದಳು. ಮಧ್ಯೆ ಚಿನ್ನಪ್ಪ, ಸಾಮಾನಿನ ಚೀಲ ತೊಡೆಯ ಮೇಲೆ. ಸ್ಟೇರಿಂಗಿನಲ್ಲಿ ರಾಮಾಂಜಿನಪ್ಪ, ಹೊಸ ಅಳಿಯನ ಗತ್ತಿನಲ್ಲಿ.

ಹೆಬ್ಬಾಳದ ಕೆರೆ ಕಾಣುವ ಹೊತ್ತಿಗೆ ಚಿನ್ನಪ್ಪನ ಕತ್ತು ಉದ್ದವಾಯಿತು. "ಏಯ್, ಆಯಿಲ್ ಮುಳ್ಳು ನೋಡು ಪಾ."

ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಕೆಳಗೆ ಜಾರುತ್ತಿತ್ತು.

"ನಿಲ್ಸು, ನಿಲ್ಸು!"

ನಿಲ್ಲಿಸಿದ. ಎಂಜಿನ್ ಆರಿಸಿರಲಿಲ್ಲ; ಸ್ವಲ್ಪ ಹೊತ್ತಿಗೆ ಮುಳ್ಳು ತಾನಾಗಿ ಮೇಲೆ ಬಂತು. ಹೊರಟರು. ಎರಡು ಫರ್ಲಾಂಗಿನಲ್ಲಿ ಮತ್ತೆ ಬಿತ್ತು. ನಿಂತರೆ ಏಳುತ್ತದೆ, ಓಡಿದರೆ ಬೀಳುತ್ತದೆ. ಚಿನ್ನಪ್ಪ ಕೆಳಗಿಳಿದು ಕಿವಿಯಿಟ್ಟು ಕೇಳಿದ, ಮೇಲೆ ಬಂದು ಎರಡು ಕೈಯಿಂದ ತಲೆ ಹಿಡಿದುಕೊಂಡ.

"ಬೇರಿಂಗ್ ನಾನೇ ತಪ್ಪು ಹಾಕಿದೀನಿ. ನಾನೇ. ಕಣ್ಣು ಹೋಗಿದೆ ನಂದು, ಕೈ ಹೋಗಿದೆ. ಇಷ್ಟು ವರ್ಷ ಕೆಲ್ಸ ಮಾಡಿ, ಛೀ!" ಎಂದು ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡ. "ವಾಪಸ್ ತಿರುಗ್ಸು ಪಾ. ಎಲ್ಲಾ ಬಿಚ್ಬೇಕು."

"ವಾಪಸ್ಸು ಅಂದ್ರೆ ಲೋಡು ಓಯ್ತದೆ."

"ಹಿಂಗೇ ಓಡ್ಸಿದ್ರೆ ಪೀಣ್ಯ ತಲುಪ್ತೀಯ. ಹತ್ತಕ್ಕೆ ಮುಂಚೇನೆ. ಆಮೇಲೆ ಇಂಜಿನ್ನ ಭಾಯಿಗೇ ಕೊಟ್ಬಿಡು. ತೂಕಕ್ಕೆ."

ರಾಮಾಂಜಿನಪ್ಪನಿಗೆ ಗೊತ್ತಿತ್ತು. ಮುಳ್ಳು ಮೊದಲ ಸಲ ಬಿದ್ದಾಗಲೇ ಗೊತ್ತಾಗಿತ್ತು. ಹೇಳಿದರೆ, ಕಿಟಕಿ ಹಿಡಿದು ಕೂತ ಅವ್ವ ಕೇಳುತ್ತಾಳೆ. ಹೇಳದಿದ್ದರೆ ಈ ಮನುಷ್ಯ ಇನ್ನೊಂದು ಕೆನ್ನೆಗೂ ಹೊಡೆದುಕೊಳ್ಳುತ್ತಾನೆ. ಅವನು ಆಕ್ಸಿಲರೇಟರ್ ಒತ್ತಿ ಇನ್ನಷ್ಟು ದೂರ ಓಡಿಸಿದ. ತಲುಪಿದರೆ ಸಾಕು, ತಲುಪಿದ ಮೇಲೆ ನೋಡಿಕೊಳ್ಳೋಣ. ಮುಳ್ಳು ತಳಕ್ಕೆ ಮಲಗಿತು. ಬಾನೆಟ್ಟಿನ ಕೆಳಗೆ ಟಕಟಕ ಎಂದು ಯಾರೋ ಬಾಗಿಲು ಬಡಿಯತೊಡಗಿದರು.

"ಸಾಯ್ತಿದೆ ಪಾ, ಸಾಯ್ತಿದೆ," ಎಂದ ಚಿನ್ನಪ್ಪ. ಅವನ ದನಿಯಲ್ಲಿ ನೀರಿತ್ತು.

ರಾಮಾಂಜಿನಪ್ಪ ರಸ್ತೆ ಪಕ್ಕಕ್ಕೆಳೆದು ಎಂಜಿನ್ ಆರಿಸಿಬಿಟ್ಟ.

"ನಿನ್ ಕೈ ಸರಿಯಾಗೈತೆ ಚಿನ್ನಪ್ಪ. ಒಳಗೆ ಅಕ್ಕಿ ಐತೆ."

"ಎನ್ನಾ?"

"ಅಕ್ಷತೆ. ನೀನ್ ಊಟಕ್ಕೋಗಿದ್ದೆ. ಊವೂ ಐತೆ."

ಚಿನ್ನಪ್ಪ ಒಮ್ಮೆ ಅವನನ್ನು, ಒಮ್ಮೆ ಭದ್ರಮ್ಮನನ್ನು, ಒಮ್ಮೆ ಬಾನೆಟ್ಟನ್ನು ನೋಡಿದ. ಬೈಗುಳಕ್ಕೆ ಯಾವ ಭಾಷೆ ಹಿಡಿಯಲಿ ಎಂದು ಹುಡುಕುತ್ತಿದ್ದಂತಿತ್ತು.

"ಒಗ್ಗರಣೆ? ಒಗ್ಗರಣೆ ಹಾಕಿದೀರಾ? ನಿಂಬೆಹಣ್ಣು? ಬೆಳಿಗ್ಗೆಯಿಂದ ಚಿತ್ರಾನ್ನ ಓಡಿಸ್ತಾ ಇದೀವಿ, ನಾನು ಬೇರಿಂಗು ಬೇರಿಂಗು ಅಂತ ಬಡ್ಕೋತಿದೀನಿ!" ಎಂದವನೇ ಚೀಲ ಎಳೆದುಕೊಂಡು ಲಾರಿಯ ಕೆಳಗೆ ನುಗ್ಗಿದ.

ಕಾದ ಎಣ್ಣೆಯನ್ನು ನೀರು ಚೆಲ್ಲಿ ಒರೆಸಿದ ಬಕೆಟ್ಟಿಗೆ ಇಳಿಸಿದರು. ಎಣ್ಣೆತೊಟ್ಟಿಯ ಬೋಲ್ಟುಗಳನ್ನು ಬಿಚ್ಚುವಾಗ ರಾಮಾಂಜಿನಪ್ಪನ ಮುಂಗೈ ಸುಟ್ಟು ಬೊಬ್ಬೆಯೆದ್ದಿತು. ಅವನು ಕೈ ತೆಗೆಯಲಿಲ್ಲ. ತೊಟ್ಟಿ ಕೆಳಗಿಳಿದಾಗ ಕಂಡಿತು: ಎಣ್ಣೆ ಹೀರುವ ಬಲೆಯ ಮೇಲೆ ಸೇವಂತಿಗೆ ಎಸಳು ಕಪ್ಪಾಗಿ, ಒಂದರ ಮೇಲೊಂದು ಅಂಟಿ, ನಡುನಡುವೆ ಹುರಿದ ಅಕ್ಕಿ ಸಿಕ್ಕಿಕೊಂಡು, ಬೆರಣಿ ತಟ್ಟಿದ ಹಾಗೆ ಮುಚ್ಚಿತ್ತು. ಓಡುವಾಗ ಪಂಪು ಅದನ್ನು ಒಳಗೆಳೆದುಕೊಳ್ಳುತ್ತಿತ್ತು; ನಿಂತಾಗ ಬಿಡುತ್ತಿತ್ತು. ಅಕ್ಷತೆಯಿಂದಲೇ ಕ್ಷತವಾಗಿತ್ತು.

ಭದ್ರಮ್ಮ ಯಾವಾಗ ಇಳಿದು ಬಂದಳೋ, ಇಬ್ಬರ ನಡುವೆ ಬಗ್ಗಿ ನೋಡುತ್ತಿದ್ದಳು.

"ನಾನಾಕಿದ್ದೇ."

ಚಿನ್ನಪ್ಪ ಬಲೆಯಿಂದ ಎಸಳು ಕೆರೆಯತೊಡಗಿದ.

"ನೆನ್ನೇನೆ ಯಾಕ್ಲಾ ಯೋಳ್ನಿಲ್ಲ? ನನ್ ಬಾಯ್ಗೆ ಎದ್ರಿಕೊಂಡ್ಯಾ?"

"ಎಲ್ಲಾ ತೆಗೆದೆ ಅಂದ್ಕಂಡಿದ್ದೆ ಅವ್ವ."

ಬಲೆ ಉಜ್ಜಿ ತೊಳೆದದ್ದಾಯಿತು. ಆದರೆ ಬಕೆಟ್ಟಿನ ಎಣ್ಣೆಯಲ್ಲೂ ಕಾಳು ಸೇರಿಕೊಂಡಿತ್ತು. ಹೊಸ ಎಣ್ಣೆ ತರಲು ಹತ್ತಿರದಲ್ಲಿ ಅಂಗಡಿಯಿರಲಿಲ್ಲ. ಚಿನ್ನಪ್ಪ ತನ್ನ ಒರೆಸುವ ಬಟ್ಟೆ ನೋಡಿದ; ಅದರಲ್ಲಿ ಎಣ್ಣೆಗಿಂತ ಮಣ್ಣೇ ಜಾಸ್ತಿ. ಅಷ್ಟರಲ್ಲಿ ಪರ್ರೆಂದು ಸದ್ದಾಯಿತು. ಭದ್ರಮ್ಮ ಹೊಸ ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹರಿದಿದ್ದಳು. ಅದನ್ನು ಎರಡು ಮಡಿಕೆ ಮಾಡಿ, ಲಾರಿಯಲ್ಲಿದ್ದ ಖಾಲಿ ಡಬ್ಬದ ಬಾಯಿಗೆ ಹಿಡಿದು, "ಉಯ್ಯಿ," ಎಂದಳು. ಎಣ್ಣೆ ಸುಡುತ್ತಿತ್ತು. "ಮೆತ್ತಗೆ ಉಯ್ಯೋ, ಗಂಜಿ ಬಸಿಯಾಕೆ ಬರಾಕಿಲ್ವಾ?" ಎಂದು ಮಗನನ್ನು ಗದರಿದಳು.

ತೊಟ್ಟಿ ಕೂರಿಸಿ, ಸೋಸಿದ ಎಣ್ಣೆ ತುಂಬಿ ಮತ್ತೆ ಹೊರಟಾಗ ಮುಳ್ಳು ಎದ್ದು ನಿಂತಿತು. ಯಶವಂತಪುರ ದಾಟಿದರೂ ನಿಂತೇ ಇತ್ತು. ಎಂಜಿನ್ ಹಾಡುತ್ತಿತ್ತು. ಕ್ಯಾಬಿನ್ನಿನಲ್ಲಿ ಮೂವರೂ ಸಾವಿನ ಮನೆಗೆ ಹೊರಟವರಂತೆ ಕೂತಿದ್ದರು.

ಪೀಣ್ಯದ ಗೇಟು ಮುಚ್ಚಿತ್ತು. ಸರಳುಗಳ ಸಂದಿಯಿಂದ ವೆಂಕಟರಮಣಪ್ಪನ ಲಾರಿ ಕಾಣುತ್ತಿತ್ತು, ಕ್ರೇನಿನ ಕೆಳಗೆ, ಅರ್ಧ ತುಂಬಿ. ರಾಮಾಂಜಿನಪ್ಪ ಎಂಜಿನ್ ಆರಿಸದೆ ಇಳಿದ. ಸಾಹೇಬರು ಗೇಟಿನ ಆಚೆಗೇ ನಿಂತು ವಾಚು ತೋರಿಸಿದರು.

"ಟೆನ್ ಮೀನ್ಸ್ ಟೆನ್, ರಾಮಾಂಜಿನಪ್ಪ. ಏನಾಯ್ತು?"

"ಇಂಜಿನ್ನಾಗೆ ಅಕ್ಕಿ ಸಿಕ್ಕಂಡಿತ್ತು ಸಾರ್."

"ವಾಟ್?"

"ಅಕ್ಕಿ ಸಾರ್. ಅಕ್ಷತೆ. ಈಗ ಸರೋಗೈತೆ, ಕೇಳ್ನೋಡಿ ಸಾರ್, ಎಂಗೆ ಓಡ್ತೈತೆ. ನಾಳೆಯಿಂದ ಒಂಬತ್ಕೇ ಬತ್ತೀನಿ. ಎಂಟಕ್ಕೇ ಬತ್ತೀನಿ ಸಾರ್."

ಸಾಹೇಬರು ಅವನ ಮುಖವನ್ನು, ಸುಟ್ಟ ಕೈಯನ್ನು ನೋಡಿದರು. ಕುಡಿದು ಬಂದಿದ್ದಾನೆ ಎಂದುಕೊಂಡರೋ ಏನೋ. "ಆರ್ಡರ್ ಸೈನ್ ಆಗಿದೆ. ಐ ಆಮ್ ಹೆಲ್ಪ್‌ಲೆಸ್," ಎಂದು ಮೂಗಿನಿಂದಲೇ ಹೇಳಿ ಒಳಗೆ ನಡೆದರು.

ರಾಮಾಂಜಿನಪ್ಪ ಹತ್ತಿ ಕೂತ. ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಎಂಜಿನ್ನಿನ ನಡುಕ ಅವನ ಹಣೆಗೆ ತಾಗುತ್ತಿತ್ತು.

"ಬೈಯೋ ನನ್ನ," ಎಂದಳು ಭದ್ರಮ್ಮ. "ಬಾಯ್ತುಂಬ ಬೈದ್ಬುಡು."

ಅವನು ಬೈಯಲಿಲ್ಲ. ಅಳಲೂ ಇಲ್ಲ. "ಓಡ್ಸಿದ್ರೆ ತಲುಪ್ತಿದ್ದೆ," ಎಂದ, ಅಷ್ಟೆ.

"ತಲುಪ್ತಿದ್ದೆ ಪಾ," ಎಂದ ಚಿನ್ನಪ್ಪ. "ಇವತ್ತು ತಲುಪ್ತಿದ್ದೆ. ನಾಳೆ ಯಾವ ಇಂಜಿನ್ನಲ್ಲಿ ಬರ್ತಿದ್ದೆ?"

ಭದ್ರಮ್ಮ ಹರಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ರಸ್ತೆಯುದ್ದ ನೋಡಿದಳು. ಎರಡೂ ಕಡೆ ಗೇಟುಗಳು. ಒಂದೊಂದಕ್ಕೂ ಒಬ್ಬೊಬ್ಬ ವಾಚ್‌ಮನ್ನು.

"ಇವೆಲ್ಲಾ ಏನ್ಲಾ?"

"ಫ್ಯಾಕ್ಟ್ರಿಗಳು ಅವ್ವ."

"ಇವ್ರ್ಗೆಲ್ಲ ಲೋಡಿರಾಕಿಲ್ವಾ? ಓಡ್ಸು."

"ಅಂಗೆಲ್ಲಾ ಕೇಳ್ಬಾರ್ದವ್ವ. ಕಾಂಟ್ರ್ಯಾಕ್ಟು, ಆಫೀಸು ಅಂತಿರ್ತದೆ."

"ನೀನ್ ಕೇಳ್ಬ್ಯಾಡ. ನೀನು ಓಡ್ಸು, ನಾನ್ ಕೇಳ್ತೀನಿ."

ಅವನು ಗೇರು ಹಾಕಿದ. ಮೊದಲ ಗೇಟಿನಲ್ಲಿ ಕೈಯಾಡಿಸಿ ಅಟ್ಟಿದರು. ಎರಡನೆಯದರಲ್ಲಿ ನಾಯಿ ಮಾತ್ರ ಉತ್ತರ ಕೊಟ್ಟಿತು. ಅದರಾಚೆಯ ಗೇಟಿನಲ್ಲಿ ಭದ್ರಮ್ಮ ಅರ್ಧ ಮೈ ಹೊರಗೆ ಹಾಕಿ ಕೂಗಿದಳು:

"ಏನಪ್ಪಾ, ಲೋಡೈತಾ?"

ವಾಚ್‌ಮನ್ನು ಬೀಡಿ ತೆಗೆದು, ಮಿಲ್ಟ್ರಿಯನ್ನು ಮೂಗಿನಿಂದ ಬಾಲದವರೆಗೆ ನೋಡಿದ. "ಈ ಡಬ್ಬ ಎಷ್ಟು ಟನ್ ಎಳೀತದಮ್ಮೋ?"

"ಡಬ್ಬವಂತೆ!" ಎಂದು ಚಿನ್ನಪ್ಪ ಎದ್ದೇ ನಿಲ್ಲಲು ಹೋಗಿ ತಲೆ ಬಡಿಸಿಕೊಂಡ.

"ನೀನ್ ಆಕಿ ನೋಡು," ಎಂದಳು ಭದ್ರಮ್ಮ. "ಎಳೀನಿಲ್ಲ ಅಂದ್ರೆ ನಾನಿಳಿದು ತಳ್ತೀನಿ."

ವಾಚ್‌ಮನ್ನು ನಕ್ಕ. "ತಡೀರಿ, ಕೇಳ್ಕೊಂಬತ್ತೀನಿ," ಎಂದು ಒಳಗೆ ಹೋದ. ರಾಮಾಂಜಿನಪ್ಪ ಎಂಜಿನ್ ಆರಿಸಲಿಲ್ಲ. ಸುಟ್ಟ ಕೈಯನ್ನು ಗೇರಿನ ಮೇಲೆಯೇ ಇಟ್ಟುಕೊಂಡು ಕಾದ. ಒಳಗೆ ಯಾರೋ ಫೋನಿನಲ್ಲಿ ಜೋರಾಗಿ ಮಾತಾಡುತ್ತಿರುವುದು ಕೇಳಿಸುತ್ತಿತ್ತು. ಏನೆಂದು ಮಾತ್ರ ಕೇಳಿಸುತ್ತಿರಲಿಲ್ಲ.