ದುರ್ಗಿಯ ಮಗಳಿಗೆ ದೂರದ ಹೃದಯ

ಬಾಳೆಗುಳಿ ಕ್ರಾಸಿನಲ್ಲಿ ಬಂಗಡೆ ಮಾರುವ ದುರ್ಗಿಗೆ ಹಳೇ ಮೀನು ಸಾಗಹಾಕುವುದು ಯಾರಿಂದಲೂ ಆಗದ ಕೆಲಸ. ಕಿವಿರು ಎತ್ತಿ ನೋಡದೆ ಅವಳು ಒಂದು ಮೀನನ್ನೂ ಬುಟ್ಟಿಗೆ ಹಾಕಿಕೊಂಡವಳಲ್ಲ. ಆ ಹಟವೇ ಈಗ ಮನೆಯಲ್ಲಿ ತೊಡಕಾಗಿತ್ತು.

ಮಗಳು ಪ್ರಗತಿಯ ಹೃದಯ ಸೋತಿತ್ತು. ಇಪ್ಪತ್ಮೂರರ ಹುಡುಗಿ ಬಾವಿಕಟ್ಟೆಯವರೆಗೆ ನಡೆದರೆ ಏದುಸಿರು ಬಿಡುತ್ತಿದ್ದಳು. ಬೇರೆ ಹೃದಯ ಜೋಡಿಸದೆ ಉಳಿಗಾಲವಿಲ್ಲ ಎಂದು ಬೆಂಗಳೂರಿನ ಡಾಕ್ಟರು ಹೇಳಿಯಾಗಿತ್ತು. ಹೆಸರು ಬರೆಸಿ ಏಳು ತಿಂಗಳಾದರೂ ಕರೆ ಬಂದಿರಲಿಲ್ಲ. ದೂರದ ಊರಿಂದ ಯಂತ್ರದಲ್ಲಿಟ್ಟು ತರುವ ಹೃದಯವೂ ಆಗಬಹುದೇ ಎಂದು ಆಸ್ಪತ್ರೆಯವರು ಒಪ್ಪಿಗೆಪತ್ರ ಕೊಟ್ಟಿದ್ದರು. ಆಯಿ ದುರ್ಗಿ ಹೂಂ ಅನ್ನದೆ ಪ್ರಗತಿ ಸಹಿ ಹಾಕುವವಳಲ್ಲ.

ಆಶಾ ಕಾರ್ಯಕರ್ತೆ ಜಯಶ್ರೀ ವಿಚಾರಿಸಲು ಬಂದಾಗ ದುರ್ಗಿ ಮೀನು ಕೊಯ್ಯುತ್ತಿದ್ದಳು.

“ಎಂಟು ತಾಸಿನ ಹಾದಿಯಿಂದ ಬಂದದ್ದು ತಾಜಾ ಇರ್ತದಾ? ಗಿರಾಕಿಗೆ ಕೊಡದ್ದನ್ನ ಮಗಳ ಎದೆಯಲ್ಲಿ ಇಡಬೇಕಾ?”

“ಬರೀ ಐಸಲ್ಲಿಟ್ರೆ ನೀನು ಹೇಳೂದು ಸರಿ, ದುರ್ಗಕ್ಕಾ. ನಾಲ್ಕು ತಾಸು ದಾಟಿದ್ರೆ ಡಾಕ್ಟರೂ ಹೆದರ್ತಾರೆ.”

“ಐಸು ಜಾಸ್ತಿ ಹಾಕ್ಲಿ.”

“ಥಂಡಿ ಜಾಸ್ತಿ ಆದ್ರೂ ಹೃದಯಕ್ಕೆ ಪೆಟ್ಟೇ. ಈ ಯಂತ್ರದ ಪೆಟ್ಟಿಗೆ ಬೇರೆ ಥರದ್ದು. ಒಳಗೆ ಬೆಚ್ಚಗೆ ರಕ್ತ ಹರೀತಾ ಇರ್ತದೆ, ಹೃದಯ ಬಡೀತಾನೇ ಬರ್ತದೆ. ಅದಕ್ಕೇ ಹೆಚ್ಚು ಹೊತ್ತು ತಡೀತದೆ.”

ದುರ್ಗಿಯ ಕೈ ನಿಂತಿತು. “ಬಡಿಯೂದು ಕಣ್ಣಿಗೆ ಕಾಣ್ತದಾ?”

“ಕಾಣ್ತದೆ. ಹಾದಿಯಲ್ಲೇ ಪರೀಕ್ಷೆ ಮಾಡ್ತಾರೆ. ಸರಿಯಿಲ್ಲ ಅಂದ್ರೆ ಜೋಡಿಸೂದೇ ಇಲ್ಲ. ಅಪಾಯ ಪೂರ್ತಿ ಹೋಯ್ತು ಅಂತ ನಾ ಹೇಳೂದಿಲ್ಲ. ಈ ಯಂತ್ರ ಎಲ್ಲಾ ಆಸ್ಪತ್ರೇಲೂ ಇಲ್ಲ.”

ನೋಡಿಯೇ ಆರಿಸುತ್ತಾರೆ ಎಂಬುದು ದುರ್ಗಿಗೆ ನಾಟಿತು. “ಸಹಿ ಹಾಕೇ,” ಎಂದಳು ಪಕ್ಕದಲ್ಲಿ ಕೂತಿದ್ದ ಮಗಳಿಗೆ.

ಪ್ರಗತಿ ಸಹಿ ಹಾಕಿ ತಲೆ ತಗ್ಗಿಸಿದಳು. “ಆಯಿ, ಹೃದಯ ಕೊಡೂ ಮನೇಲಿ ಅವತ್ತು ಅಳ್ತಾ ಇರ್ತಾರಲ್ಲಾ?”

ದುರ್ಗಿ ಇಷ್ಟು ದಿನ ಹಾದಿಯ ತಾಸು ಎಣಿಸಿದ್ದಳೇ ಹೊರತು ಆ ಮನೆಯನ್ನು ನೆನೆದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

“ಜಯಶ್ರೀ, ನನ್ನ ಹೆಸರೂ ಬರೀ. ನಂದು ಯಾರಿಗಾದ್ರೂ ಆಗ್ಲಿ.”

“ಬರೀತೇನೆ. ಆದ್ರೆ ಮನೆಯವರಿಗೂ ಹೇಳಿಡು. ಆ ಹೊತ್ತಿಗೆ ಒಪ್ಪಿಗೆ ಕೇಳೂದು ಅವರನ್ನೇ.”

“ನಾ ಇಲ್ಲೇ ಕೇಳ್ತಾ ಇದ್ದೇನಲ್ಲಾ,” ಎಂದಳು ಪ್ರಗತಿ.

ಓದುವವರೇ, ಹೃದಯವನ್ನು ಹೆಚ್ಚು ಹೊತ್ತು ಕಾಪಾಡುವ ಪೆಟ್ಟಿಗೆ ಬಂದಿದೆ. ಅದರೊಳಗಿಡುವ ಹೃದಯ ಮಾತ್ರ ನಮ್ಮ ನಿಮ್ಮಂಥವರ ಮನೆಯಿಂದಲೇ ಬರಬೇಕು. ಅಂಗದಾನಕ್ಕೆ ಹೆಸರು ಬರೆಸಿ. ಇವತ್ತೇ ಊಟಕ್ಕೆ ಕೂತಾಗ ಮನೆಯವರಿಗೆ ತಿಳಿಸಿ. ಪ್ರಗತಿಗೆ ಇನ್ನೂ ಕರೆ ಬಂದಿಲ್ಲ.